ಭೌತಶಾಸ್ತ್ರದ ನಿಯಮಗಳ ಮೇಲೆ ನಡೆಯುವ ಪ್ಲಾಟ್‌ಫಾರ್ಮ್ ಗೇಮ್‌ಗಳು (ಜಿಗಿಯುತ್ತಾ, ಹತ್ತುತ್ತಾ ಮುಂದೆ ಸಾಗುವ ವಿಡಿಯೋ ಗೇಮ್‌ಗಳು) ಇಷ್ಟು ಸಿಟ್ಟು ಬರಿಸಿದರೂ ಬಿಡಲು ಏಕೆ ಮನಸ್ಸಾಗುವುದಿಲ್ಲ?

ಪ್ರಶ್ನೆ ಓದಿ ನಗು ಬಂತು. ಕಳೆದ ವಾರವಷ್ಟೇ ಮೌಸನ್ನು ಮೇಜಿಗೆ ಕುಕ್ಕಿ ಎದ್ದುಹೋಗಿ, ಹತ್ತು ನಿಮಿಷಕ್ಕೆ ಮರಳಿ ಬಂದು ಕುಳಿತವನು ನಾನು.

ಆಡುತ್ತಿದ್ದದ್ದು ಗೇಮ್ ವಿನ್ಯಾಸಕ ಬೆನೆಟ್ ಫಾಡಿ ಅವರ ‘ಗೆಟಿಂಗ್ ಓವರ್ ಇಟ್’ (2017). ಹಂಡೆಯೊಳಗೆ ಸೊಂಟದವರೆಗೆ ಹುದುಗಿದ ಮನುಷ್ಯ, ಕೈಯಲ್ಲಿ ಸುತ್ತಿಗೆ, ಎದುರಿಗೆ ಬೆಟ್ಟ. ಜಂಪ್ ಬಟನ್ನೇ ಇಲ್ಲ. ಮೌಸ್ ಹೋದತ್ತ ಸುತ್ತಿಗೆ ಹೋಗುತ್ತದೆ. ಅದನ್ನು ಬಂಡೆಗೆ ಸಿಕ್ಕಿಸಿ, ಮೀಟಿ ಮೇಲೇರಬೇಕು. ಚೆಕ್‌ಪಾಯಿಂಟ್ ಇಲ್ಲ, ಅಂದರೆ ಬಿದ್ದರೆ ನಡುವಿನಿಂದ ಮತ್ತೆ ಶುರು ಮಾಡಲು ಉಳಿಸಿಟ್ಟ ಜಾಗವಿಲ್ಲ. ಮೇಲೊಂದು ಕಡೆ ಹಾವಿದೆ, ಅದರ ಮೇಲೆ ಜಾರಿದರೆ ನೇರವಾಗಿ ಬುಡಕ್ಕೆ. ಥೇಟ್ ಹಾವು ಏಣಿ ಆಟವೇ, ಆದರೆ ಇಲ್ಲಿ ದಾಳ ನಮ್ಮ ಮಣಿಕಟ್ಟು. ನನ್ನ ಮಣಿಕಟ್ಟು ಒಂದು ಕೂದಲೆಳೆಯಷ್ಟು ಅವಸರ ಮಾಡಿತು. ಬಂಡೆಯ ಅಂಚಿಗೆ ಕೊಕ್ಕೆಯಂತೆ ಸಿಗಬೇಕಿದ್ದ ಸುತ್ತಿಗೆ ಅದರ ನೆತ್ತಿಗೆ ಬಡಿಯಿತು, ಬಡಿದಷ್ಟೇ ಜೋರಾಗಿ ಹಂಡೆ ಹಿಂದಕ್ಕೆ ಚಿಮ್ಮಿತು. ನ್ಯೂಟನ್ನನ ಮೂರನೆಯ ನಿಯಮ, ಜಗಳಕ್ಕೆ ಆಸ್ಪದವಿಲ್ಲ. ಬೀಳುವಾಗ ಫಾಡಿಯವರ ಧ್ವನಿ ಬೇರೆ ಸಮಾಧಾನ ಹೇಳುತ್ತದೆ, ಗಾಯಕ್ಕೆ ಉಪ್ಪು ಸವರಿದಂತೆ.

ಮಾಮೂಲಿ ಪ್ಲಾಟ್‌ಫಾರ್ಮ್ ಗೇಮ್‌ನ ಜಿಗಿತ ನಮ್ಮ ಬೆರಳಿಗೆ ಹೇಳಿ ಮಾಡಿಸಿದ್ದು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಬಟನ್ ಒತ್ತಿ ಹಿಡಿದರೆ ಇನ್ನಷ್ಟು ಎತ್ತರ, ಗಾಳಿಯಲ್ಲಿದ್ದಾಗಲೂ ಅತ್ತಿತ್ತ ಸರಿಯಬಹುದು. ‘ಸೆಲೆಸ್ಟ್’ (2018) ಇನ್ನೂ ಉದಾರಿ: ಅಂಚು ದಾಟಿದ ಮರುಕ್ಷಣ ಒತ್ತಿದರೂ ಹೋಗಲಿ ಪಾಪ ಎಂದು ಜಿಗಿಯಲು ಬಿಡುತ್ತದೆ. ಇವೆಲ್ಲ ಪ್ರೀತಿಯ ಸುಳ್ಳುಗಳು. ಭೌತಶಾಸ್ತ್ರದ ಗೇಮ್‌ನಲ್ಲಿ ದೇಹಕ್ಕೆ ತೂಕವಿದೆ, ಘರ್ಷಣೆಯಿದೆ, ಹಿಡಿದ ವೇಗವನ್ನು ಅದು ಬಿಟ್ಟುಕೊಡುವುದಿಲ್ಲ. ನಾವು ಆಜ್ಞೆ ಕೊಡುವುದಿಲ್ಲ, ಬರೀ ತಳ್ಳುತ್ತೇವೆ.

ಹಾಗಾಗಿಯೇ ಗೆಲುವಿನ ರುಚಿ ಬೇರೆ. ‘ಹ್ಯೂಮನ್: ಫಾಲ್ ಫ್ಲಾಟ್’ನಲ್ಲಿ ಒಂದು ಗೋಡೆ ಹತ್ತುವುದನ್ನೇ ನೋಡಿ. ಮೌಸಿನ ಎಡ ಬಟನ್ ಎಡಗೈ, ಬಲ ಬಟನ್ ಬಲಗೈ. ಮೇಲೆ ನೋಡಿದರೆ ಕೈ ಮೇಲೇಳುತ್ತದೆ. ಜಿಗಿದು ಅಂಚು ಹಿಡಿದು, ಬಟನ್ ಬಿಡದೆ ನೋಟವನ್ನು ಕೆಳಗಿಳಿಸಬೇಕು. ಆಗ ಕೈಗಳು ಕೆಳಗೆ ಒತ್ತಿ, ಹಿಟ್ಟಿನ ಮುದ್ದೆಯಂತಹ ಆ ದೇಹ ಏದುಸಿರು ಬಿಟ್ಟಂತೆ ಮೇಲೇರುತ್ತದೆ. ಬೇರೆ ಗೇಮ್‌ಗಳಲ್ಲಿ ಲೆಕ್ಕಕ್ಕೇ ಇಲ್ಲದ ಕೆಲಸ ಇಲ್ಲಿ ಸಾಹಸ.

ಇನ್ನೊಂದು ಬಗೆಯ ಸಿಟ್ಟಿದೆ, ತಪ್ಪು ನಮ್ಮದಲ್ಲದೆ ಗೇಮ್‌ನದೇ ಆದಾಗ ಬರುವಂಥದ್ದು, ಅದನ್ನು ನಾನು ಕ್ಷಮಿಸುವುದಿಲ್ಲ. ಗೇಮ್‌ನೊಳಗಿನ ಚಲನೆ, ಡಿಕ್ಕಿಗಳನ್ನು ನೋಡಿಕೊಳ್ಳುವ ತಂತ್ರಾಂಶವಾದ ಎಂಜಿನ್ ಕಾಲವನ್ನು ತುಂಡು ತುಂಡಾಗಿ ಲೆಕ್ಕ ಹಾಕುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ. ಸೆಕೆಂಡಿಗೆ 30 ಮೀಟರ್ ವೇಗದ ಚೆಂಡು ಒಂದು ತುಂಡಿನಲ್ಲಿ ಅರ್ಧ ಮೀಟರ್ ಸಾಗಿರುತ್ತದೆ. ನಡುವೆ 20 ಸೆಂಟಿಮೀಟರ್ ದಪ್ಪದ ಗೋಡೆಯಿದ್ದರೆ, ವಿಶೇಷ ತಪಾಸಣೆ ಇಲ್ಲದಿದ್ದಲ್ಲಿ, ಎಂಜಿನ್ನಿಗೆ ಅದು ಕಾಣಿಸುವುದೇ ಇಲ್ಲ. ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳು ಸುಮ್ಮಸುಮ್ಮನೆ ನಡುಗುವುದೂ ಇಂಥದೇ ಲೆಕ್ಕದ ತಾಪತ್ರಯ. ಹೆಸರು ಬೇಡ, ಒಂದು ಗೇಮ್‌ನಲ್ಲಿ ಬಾಗಿಲು ತೆರೆಯಲು ಬೇಕಿದ್ದ ಏಕೈಕ ಪೆಟ್ಟಿಗೆ ನೆಲದೊಳಗೆ ಅರ್ಧ ಹೂತು, ಜ್ವರ ಬಂದವರಂತೆ ನಡುಗುತ್ತಾ ನಿಂತುಬಿಟ್ಟಿತು. ಎಳೆದೆ, ಒದ್ದೆ, ಮೇಲೆ ಹತ್ತಿ ಕುಣಿದೆ. ಕೊನೆಗೆ ಇಡೀ ಹಂತವನ್ನು ಮತ್ತೆ ಶುರು ಮಾಡಬೇಕಾಯಿತು. ಅಂದೇ ಅಳಿಸಿ ಹಾಕಿದೆ.

ಆದ್ದರಿಂದ ಬಿದ್ದಾಗಲೆಲ್ಲ ನಾನು ಕೇಳಿಕೊಳ್ಳುವುದು ಇಷ್ಟೇ: ಏಕೆ ಬಿದ್ದೆ ಎಂದು ಹೇಳಬಲ್ಲೆನೇ? ಹೇಳಬಲ್ಲೆನಾದರೆ ಮುಂದುವರಿಸುತ್ತೇನೆ. ನೀವು ‘ಗೆಟಿಂಗ್ ಓವರ್ ಇಟ್’ನಲ್ಲೇ ಸಿಕ್ಕಿಕೊಂಡಿದ್ದರೆ ಸೆಟ್ಟಿಂಗ್‌ನಲ್ಲಿ ಮೌಸಿನ ಸೂಕ್ಷ್ಮತೆಯನ್ನು ಸ್ವಲ್ಪ ತಗ್ಗಿಸಿ ನೋಡಿ. ಕೈ ಹೆಚ್ಚು ದೂರ ಆಡಿಸಬೇಕಾಗುತ್ತದೆ, ಆದರೆ ಸುತ್ತಿಗೆ ಹೇಳಿದ ಮಾತು ಕೇಳುತ್ತದೆ.