ಜೇಡದ ವಿಷದ ಕಿಣ್ವ: ಹರಳು ಎಷ್ಟು ಹೇಳುತ್ತದೆ?

ವಿಷದ ಕಿಣ್ವದ ಆಕಾರ ಗೊತ್ತಾದರೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದೂ ಗೊತ್ತಾದಂತೆ ಅಲ್ವಾ ಎಂದು ಕೇಳಿದ್ದೀರಿ. ಅರ್ಧ ಮಾತ್ರ ಗೊತ್ತಾಗುತ್ತದೆ. ಪ್ರೋಟೀನ್ ಹರಳು ಬೆಳೆಸುವುದೇ ನನ್ನ ಕೆಲಸ, ಹಾಗಾಗಿ ನನಗೆ ತುಂಬಾ ಇಷ್ಟವಾದ ಉದಾಹರಣೆಯನ್ನೇ ಹೇಳುತ್ತೇನೆ.

ಲೋಕ್ಸೋಸೆಲಿಸ್ ಎಂಬ ಕಂದು ಜೇಡಗಳಿವೆ. ಅಮೆರಿಕದ ಬ್ರೌನ್ ರೆಕ್ಲೂಸ್ ಇದೇ ಗುಂಪಿನದು. ಇವು ಕಚ್ಚಿದ ಜಾಗದಲ್ಲಿ ಕೆಲವರಿಗೆ ಚರ್ಮ ಕಪ್ಪಾಗಿ ಸತ್ತುಹೋಗುತ್ತದೆ. ಮುಖ್ಯ ಕಾರಣ ಸ್ಫಿಂಗೋಮೈಲಿನೇಸ್ ಡಿ ಎಂಬ ಕಿಣ್ವ. ಜೀವಕೋಶದ ಪೊರೆಯಲ್ಲಿರುವ ಸ್ಫಿಂಗೋಮೈಲಿನ್ ಎಂಬ ಕೊಬ್ಬಿನಿಂದ ಅದು ಕೋಲಿನ್ ಭಾಗವನ್ನು ಕತ್ತರಿಸಿ ಹಾಕುತ್ತದೆ.

ಜೇಡದಲ್ಲಿ ಸಿಗುವ ವಿಷ ತೀರಾ ಕಮ್ಮಿ. ಅದಕ್ಕೇ ಕಿಣ್ವದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಅದರಿಂದಲೇ ಪ್ರೋಟೀನ್ ಮಾಡಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಶುದ್ಧ ಪ್ರೋಟೀನಿನ ಹನಿಗೆ ಉಪ್ಪಿನ ದ್ರಾವಣ ಬೆರೆಸಿ, ಗಾಜಿನ ಚೂರಿನಿಂದ ತಲೆಕೆಳಗಾಗಿ ನೇತುಬಿಟ್ಟು, ಇನ್ನೂ ಗಟ್ಟಿಯಾದ ಉಪ್ಪಿನ ದ್ರಾವಣದ ಮೇಲೆ ಗಾಳಿಯಾಡದಂತೆ ಮುಚ್ಚಿಡುತ್ತೇವೆ. ಹನಿಯ ನೀರು ನಿಧಾನವಾಗಿ ಕಮ್ಮಿಯಾಗಬೇಕು. ಜಾಸ್ತಿ ಹನಿಗಳಲ್ಲಿ ಸುಮ್ನೆ ಬಿಳಿ ಗಸಿ ಕೂರುತ್ತದೆ. ಯಾವುದೋ ಒಂದರಲ್ಲಿ ಚೂಪು ಅಂಚಿನ ಹರಳು ಕಂಡರೆ, ಸಣ್ಣ ಕುಣಿಕೆಯಲ್ಲಿ ಎತ್ತಿ, ದ್ರವ ಸಾರಜನಕದಲ್ಲಿ ಅದ್ದಿ, ಎಕ್ಸ್-ರೇಗೆ ಹಿಡಿಯುತ್ತೇವೆ; ಕಿರಣಗಳು ಚದುರುವ ರೀತಿಯಿಂದ ಪ್ರೋಟೀನಿನ ಆಕಾರ ಲೆಕ್ಕಹಾಕುತ್ತೇವೆ. ಆ ಹರಳು ಕಂಡಾಗಿನ ಖುಷಿ ನನಗೆ ಇವತ್ತಿಗೂ ಕಮ್ಮಿಯಾಗಿಲ್ಲ.

ಲೋಕ್ಸೋಸೆಲಿಸ್ ಲೀಟಾ ಜೇಡದ ಕಿಣ್ವದ ರಚನೆ 2005ರಲ್ಲಿ ಪ್ರಕಟವಾಯಿತು, 1.75 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ). ಎಂಟು ಎಳೆಗಳು ಪೀಪಾಯಿಯ ಹಾಗೆ ಸುತ್ತಿಕೊಂಡಿವೆ, ಸುತ್ತ ಸುರುಳಿಗಳಿವೆ. ಪೀಪಾಯಿಯ ಬಾಯಲ್ಲೇ ಕೆಲಸ ನಡೆಯುವ ಜಾಗ. ಅಲ್ಲಿ ಪ್ರೋಟೀನ್ ಸರಪಳಿಯ 12ನೇ ಮತ್ತು 47ನೇ ಅಮೈನೋ ಆಮ್ಲಗಳಾದ ಹಿಸ್ಟಿಡಿನ್‌ಗಳು, ಪಕ್ಕದಲ್ಲೇ ಒಂದು ಮೆಗ್ನೀಸಿಯಂ ಅಯಾನು. ಕತ್ತರಿ ಎಲ್ಲಿದೆ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆದರೆ ಕತ್ತರಿಸಿದ ಮೇಲೆ ಏನು ಉಳಿಯುತ್ತದೆ? ನೀರಿನ ಅಣು ಬಂದು ಬಂಧ ಮುರಿಯುತ್ತದೆ, ಸೆರಮೈಡ್-1-ಫಾಸ್ಫೇಟ್, ಅಂದರೆ ತುದಿಯಲ್ಲಿ ಫಾಸ್ಫೇಟ್ ಇರುವ ಕೊಬ್ಬು, ಉಳಿಯುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ರಚನೆಯೂ ಅದಕ್ಕೆ ಅಡ್ಡಿ ಹೇಳಲಿಲ್ಲ. 2013ರಲ್ಲಿ, ರಂಜಕದ ಪರಮಾಣುಗಳು ಯಾವ ಬಂಧದಲ್ಲಿವೆ ಎಂದು ಕಾಂತಕ್ಷೇತ್ರದಲ್ಲಿ ಅಳೆಯುವ ಎನ್‌ಎಮ್‌ಆರ್‌ನಿಂದ ನೋಡಿದಾಗ ಸಿಕ್ಕಿದ್ದೇ ಬೇರೆ. ಕೊಬ್ಬಿನ ತನ್ನದೇ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ತಿರುಗಿ ಫಾಸ್ಫೇಟಿಗೆ ಅಂಟಿಕೊಂಡು, ಉಂಗುರದಂಥ ಫಾಸ್ಫೇಟ್ ಆಗಿತ್ತು. ಎಂಟು ವರ್ಷ ಆ ರಚನೆ ಎಲ್ಲರ ಕಣ್ಣೆದುರಿಗೇ ಇತ್ತು! ಕೊಬ್ಬು ಕೂರದ ಖಾಲಿ ಕಿಣ್ವದ ಹರಳಲ್ಲಿ ಕ್ರಿಯೆ ನಡೆಯುವುದು ಕಾಣಿಸುವುದಿಲ್ಲ, ಉತ್ಪನ್ನವನ್ನು ಬೇರೆಯಾಗಿ ಅಳೆಯಲೇಬೇಕು.

ಹಾಗಂತ ರಚನೆ ಬೇಡ ಅನ್ನುತ್ತಿಲ್ಲ. 12ನೇ ಹಿಸ್ಟಿಡಿನ್ ಬದಲಾಯಿಸಿದರೆ ಕಿಣ್ವದ ಶಕ್ತಿ ಹೆಚ್ಚುಕಮ್ಮಿ ಸತ್ತೇ ಹೋಗುತ್ತದೆ, ಆಕಾರ ಮಾತ್ರ ಉಳಿಯುತ್ತದೆ. ಪ್ರತಿವಿಷ ತಯಾರಿಸಲು ಅಂಥ ನಿರಪಾಯ ರೂಪ ಬಳಸುವ ಪ್ರಯತ್ನಗಳೂ ನಡೆದಿವೆ. ನೀವೇ ನೋಡಬೇಕು ಅಂದರೆ, ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1ಎಕ್ಸ್‌ಎಕ್ಸ್1 (1XX1) ಎಂಬ ಹೆಸರಲ್ಲಿ 2005ರ ಆ ರಚನೆ ಉಚಿತವಾಗಿ ಸಿಗುತ್ತದೆ. ಮೊದಲು ಮೆಗ್ನೀಸಿಯಂ ಹುಡುಕಿ, ಉಳಿದದ್ದು ಅದರ ಸುತ್ತಲೇ ಇದೆ.