ಪಿಎಚ್‌ಡಿ ಸ್ಕಾಲರ್‌ಶಿಪ್‌ಗೆ ಕಳಿಸಿದ ದಾಖಲೆಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ನಿಮ್ಮ ಪ್ರಶ್ನೆ ಓದಿದೆ. ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದೀರಿ. ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಟಿಸಿ, ಆಧಾರ್, ಆದಾಯ ಪ್ರಮಾಣಪತ್ರ ಎಲ್ಲ ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೀರಿ. ಕೊನೆಯ ಪುಟದಲ್ಲಿ ‘ವೈಯಕ್ತಿಕ ಮಾಹಿತಿ ರಕ್ಷಣೆಯ ಸೂಚನೆ ಓದಿದ್ದೇನೆ’ ಅನ್ನುವ ಚೌಕದ ಹತ್ತಿರ ಬಂದು ಅನುಮಾನ ಶುರುವಾಗಿದೆ. ಇದನ್ನೆಲ್ಲ ಯಾರು ನೋಡುತ್ತಾರೆ, ಸ್ಕಾಲರ್‌ಶಿಪ್ ಸಿಗದಿದ್ದರೆ ಕಾಗದಗಳು ಏನಾಗುತ್ತವೆ, ಗೆಳೆಯರು ಹೆದರಿಸಿದ ಹಾಗೆ ಮಾಹಿತಿ ಮಾರಿಕೊಳ್ಳುತ್ತಾರಾ, ಟಿಕ್ ಮಾಡಿದರೆ ನಮ್ಮ ಹಕ್ಕು ಬಿಟ್ಟುಕೊಟ್ಟ ಹಾಗಾ ಅಂತ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಇಲ್ಲ, ಹಕ್ಕು ಎಲ್ಲೂ ಹೋಗುವುದಿಲ್ಲ. ಆ ಟಿಕ್‌ಗೆ ‘ಓದಿದೆ’ ಅನ್ನುವಷ್ಟೇ ಅರ್ಥ. ನಾನೂ ಹೀಗೇ ಅರ್ಜಿ ಹಾಕಿ ಜರ್ಮನಿಗೆ ಬಂದವನು. ಪಿಎಚ್‌ಡಿ ಮುಗಿಯುವ ಹೊತ್ತಿಗೆ ಎರಡು ವರ್ಷ ಇಲ್ಲಿನ ಒಂದು ಗ್ರಾಜುಯೇಟ್ ಸ್ಕೂಲ್ ಆಫೀಸಿನಲ್ಲಿ ಅರೆಕಾಲಿಕ ಕೆಲಸ ಮಾಡಿದೆ. ಬಂದ ಅರ್ಜಿಗಳನ್ನು ತೆರೆದು ನೋಡುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಎರಡೂ ಕಡೆ ನಿಂತು ನೋಡಿದ್ದೇನೆ.

ಅರ್ಜಿಯನ್ನು ಮೊದಲು ನೋಡುವವರು ಆಫೀಸಿನವರು. ಎಲ್ಲ ಕಾಗದ ಇದೆಯಾ, ಎಂಎಸ್ಸಿ ಮುಗಿದಿದೆಯಾ, ಇಂಗ್ಲಿಷ್ ಪರೀಕ್ಷೆಯ ಅಂಕ ಸಾಕಾ, ಇಷ್ಟೇ ನೋಡುತ್ತಾರೆ. ನಮ್ಮ ಪರ್ಸೆಂಟೇಜನ್ನು ಇಲ್ಲಿನ ಗ್ರೇಡ್‌ಗೆ ಬದಲಾಯಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ, ಇಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು, ಆ ಲೆಕ್ಕವನ್ನೂ ಸಾಮಾನ್ಯವಾಗಿ ಆಫೀಸಿನಲ್ಲೇ ಮಾಡುತ್ತಾರೆ. ಆಮೇಲೆ ಅರ್ಜಿ ಆಯ್ಕೆ ಸಮಿತಿಗೆ ಹೋಗುತ್ತದೆ. ಕೆಲವು ಪ್ರೊಫೆಸರ್‌ಗಳು, ಎಷ್ಟೋ ಕಡೆ ಪಿಎಚ್‌ಡಿ ವಿದ್ಯಾರ್ಥಿಗಳ ಒಬ್ಬ ಪ್ರತಿನಿಧಿ, ಕೆಲವೊಮ್ಮೆ ಬೇರೆ ವಿಶ್ವವಿದ್ಯಾಲಯದ ವಿಮರ್ಶಕರು ಅದರಲ್ಲಿ ಇರುತ್ತಾರೆ. ನಿಮ್ಮ ಶಿಫಾರಸು ಪತ್ರ ನಿಮ್ಮ ಮೇಷ್ಟ್ರಿಂದ ಬೇರೆ ದಾರಿಯಲ್ಲಿ ನೇರವಾಗಿ ಬಂದು ಸೇರಿಕೊಳ್ಳುತ್ತದೆ. ಪ್ರತಿಯೊಬ್ಬರೂ ಅಂಕ ಕೊಟ್ಟು ಒಂದೆರಡು ಸಾಲು ಬರೆಯುತ್ತಾರೆ. ಹಣ ಕೊಡುವ ಸಂಸ್ಥೆಗೆ ಎಷ್ಟು ಅರ್ಜಿ ಬಂತು, ಯಾವ ದೇಶದಿಂದ ಎಷ್ಟು ಅನ್ನುವ ಲೆಕ್ಕ ಹೋಗುತ್ತದೆ. ಇದೇ ಇಡೀ ದಾರಿ. ನಿಮ್ಮ ಗೆಳೆಯರು ಹೆದರಿಸಿದ ಹಾಗೆ ಮಾಹಿತಿ ಮಾರಿಕೊಂಡದ್ದನ್ನು ನಾನು ಕಂಡಿಲ್ಲ. ನನಗೆ ಚಿಂತೆ ಇರುವುದು ಬೇರೆ ಕಡೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಾನೂನು. ಯುರೋಪ್ ಒಕ್ಕೂಟದ ಜಿಡಿಪಿಆರ್ ಅನ್ನುವ ಮಾಹಿತಿ ರಕ್ಷಣೆ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ನೀವು ಧಾರವಾಡದಲ್ಲಿ ಕೂತು ಅರ್ಜಿ ಹಾಕಿದರೂ ಅದು ನಿಮಗೆ ಅನ್ವಯಿಸುತ್ತದೆ. ಯಾಕೆಂದರೆ ಅದು ನೋಡುವುದು ಮಾಹಿತಿ ಇಟ್ಟುಕೊಂಡವರು ಎಲ್ಲಿದ್ದಾರೆ ಅಂತ, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಅಲ್ಲ. ಜರ್ಮನಿಯಲ್ಲಿ ಈ ವಿಷಯ ಹಳೆಯದು. 1970ರಲ್ಲೇ ಹೆಸ್ಸೆನ್ ಅನ್ನುವ ರಾಜ್ಯ ಜಗತ್ತಿನ ಮೊದಲ ಮಾಹಿತಿ ರಕ್ಷಣೆ ಕಾನೂನು ಮಾಡಿತು. 1983ರ ಡಿಸೆಂಬರ್‌ನಲ್ಲಿ ಜನಗಣತಿಯ ಪ್ರಕರಣದಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯ, ತನ್ನ ಮಾಹಿತಿಯನ್ನು ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಆ ವ್ಯಕ್ತಿಯ ನಿರ್ಧಾರ ಅಂತ ಹೇಳಿತು. ಹಾಗಾಗಿ ಇಲ್ಲಿನ ಆಫೀಸಿನವರು ಈ ಬಗ್ಗೆ ಕೇಳಿದರೆ ಸಿಡುಕುವುದಿಲ್ಲ. ಧೈರ್ಯವಾಗಿ ಕೇಳಿ.

ಒಂದು ಚಿಕ್ಕ ವಿಷಯ ಗಮನಿಸಿ. ಸೂಚನೆಯಲ್ಲಿ ಬಹುಶಃ ‘ಸಾರ್ವಜನಿಕ ಕರ್ತವ್ಯಕ್ಕಾಗಿ ಮಾಹಿತಿ ಬಳಸುತ್ತೇವೆ’ ಅಂತ ಇರುತ್ತದೆ, ‘ನಿಮ್ಮ ಒಪ್ಪಿಗೆಯ ಮೇಲೆ’ ಅಂತ ಇರುವುದಿಲ್ಲ. ಅದನ್ನು ಓದಿ ನಮ್ಮ ಒಪ್ಪಿಗೆ ಕೇಳದೆಯೇ ಬಳಸುತ್ತಾರಾ ಅಂತ ಹೆದರಬೇಡಿ. ಟಿಕ್ ಮಾಡದಿದ್ದರೆ ಸ್ಕಾಲರ್‌ಶಿಪ್ ಇಲ್ಲ ಅನ್ನುವ ಕಡೆ ಕೊಟ್ಟ ಒಪ್ಪಿಗೆ ನಿಜವಾದ ಒಪ್ಪಿಗೆಯೇ ಅಲ್ಲ, ಅಲ್ವಾ? ಅದಕ್ಕೇ ಸರ್ಕಾರಿ ವಿಶ್ವವಿದ್ಯಾಲಯಗಳು ಅದರ ಮೇಲೆ ನಿಲ್ಲುವುದಿಲ್ಲ. ನಿಜವಾದ ಒಪ್ಪಿಗೆ ಬೇಕಾಗುವುದು ಎರಡನೇ ಚೌಕ ಇದ್ದರೆ, ಅಂದರೆ ‘ಮುಂದಿನ ಅವಕಾಶಗಳಿಗಾಗಿ ನನ್ನ ಅರ್ಜಿ ಇಟ್ಟುಕೊಳ್ಳಿ’ ಅನ್ನುವಂಥದ್ದು. ಅದು ನಿಮ್ಮ ಇಷ್ಟ. ಬಿಟ್ಟರೆ ಆಯ್ಕೆಗೆ ತೊಂದರೆ ಆಗಬಾರದು. ಕೊಟ್ಟ ಮೇಲೂ ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು.

ಈಗ ನನ್ನ ಚಿಂತೆಗೆ ಬರುತ್ತೇನೆ. ಆ ಎರಡು ವರ್ಷಗಳಲ್ಲಿ ನನಗೆ ಜಾಸ್ತಿ ಬೇಸರ ತಂದದ್ದು ವಿಶ್ವವಿದ್ಯಾಲಯ ಕೇಳಿದ ಮಾಹಿತಿ ಅಲ್ಲ, ನಾವು ಕೇಳದೇ ಕೊಡುವ ಮಾಹಿತಿ. ಒಂದು ದಿನ ನಮ್ಮ ಕಡೆಯ ಹುಡುಗಿಯೊಬ್ಬಳ ಫೈಲ್ ತೆರೆದೆ. ಡಿಗ್ರಿ ಸರ್ಟಿಫಿಕೇಟ್ ಮತ್ತು ಮಾರ್ಕ್ಸ್ ಕಾರ್ಡ್ ಮಾತ್ರ ಕೇಳಿದ್ದೆವು. ಆಕೆ ಟಿಸಿ ಹಾಕಿದ್ದಳು, ಜಾತಿ ಪ್ರಮಾಣಪತ್ರ ಹಾಕಿದ್ದಳು, ಆಧಾರ್‌ನ ಎರಡೂ ಬದಿ ಹಾಕಿದ್ದಳು, ಅಪ್ಪನ ಆದಾಯದ ಕಾಗದ ಹಾಕಿದ್ದಳು. ಬಯೋಡೇಟಾದಲ್ಲಿ ಅಪ್ಪನ ಹೆಸರು, ಧರ್ಮ, ಮದುವೆ ಆಗಿಲ್ಲ ಅನ್ನುವುದು, ಪಾಸ್‌ಪೋರ್ಟ್ ನಂಬರ್, ಮನೆಯ ಪೂರ್ತಿ ವಿಳಾಸ. ನನಗೆ ಆಕೆಯ ಮೇಲೆ ಸ್ವಲ್ಪವೂ ಕೋಪ ಬರಲಿಲ್ಲ. ಯಾಕೆಂದರೆ ಹಾಸ್ಟೆಲ್ ಸೀಟಿನಿಂದ ಹಿಡಿದು ವಿದ್ಯಾರ್ಥಿವೇತನದವರೆಗೆ ನಮ್ಮ ಊರಿನಲ್ಲಿ ಒಂದು ಕಾಗದ ಕಡಿಮೆ ಆದರೂ ಕೌಂಟರ್‌ನಿಂದ ವಾಪಸ್ ಕಳಿಸುತ್ತಾರೆ, ಹಾಗಾಗಿ ಇರುವುದನ್ನೆಲ್ಲ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ ಒಂದೇ ಫೈಲಿನಲ್ಲಿ ಇಟ್ಟುಕೊಂಡು ತಿರುಗುವುದು ನಮಗೆ ಚಿಕ್ಕಂದಿನಿಂದ ರೂಢಿ. ಅಲ್ಲಿ ಅದು ಬೇಕು. ಇಲ್ಲಿ ಬೇಡ.

ಬೇಡ ಅಷ್ಟೇ ಅಲ್ಲ, ಅದರಿಂದ ಹಾನಿಯೂ ಆಗಬಹುದು. ಆ ಪಿಡಿಎಫ್ ಸಮಿತಿಯ ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ. ಜರ್ಮನ್ ಪ್ರೊಫೆಸರ್‌ಗೆ ಟಿಸಿಯಲ್ಲಿರುವ ಜಾತಿಯ ಹೆಸರು ಅರ್ಥವಾಗದೇ ಇರಬಹುದು. ಆದರೆ ಸಮಿತಿಯಲ್ಲಿ ಭಾರತದವರೂ ಇರಬಹುದು, ಹೊರಗಿನ ವಿಮರ್ಶಕರು ಬೆಂಗಳೂರಿನವರೋ ದೆಹಲಿಯವರೋ ಆಗಿರಬಹುದು. ಅವರಿಗೆ ಅರ್ಥವಾಗುತ್ತದೆ. ಒಳ್ಳೆಯವರೇ ಇರಬಹುದು, ನಾನು ಯಾರನ್ನೂ ದೂರುತ್ತಿಲ್ಲ. ಆದರೆ ನಿಮ್ಮ ಸಂಶೋಧನೆಯ ಯೋಜನೆ ಓದುವ ಮೊದಲೇ ನಿಮ್ಮ ಜಾತಿ ಅವರ ಕಣ್ಣಿಗೆ ಬೀಳುವುದು ಯಾಕೆ ಬೇಕು? ಜಿಡಿಪಿಆರ್‌ನಲ್ಲಿ ಜನಾಂಗ, ಧರ್ಮ, ಆರೋಗ್ಯ, ರಾಜಕೀಯ ಅಭಿಪ್ರಾಯ ಇಂಥವಕ್ಕೆ ವಿಶೇಷ ರಕ್ಷಣೆ ಇದೆ. ಸಾಮಾನ್ಯವಾಗಿ ಅವನ್ನು ಮುಟ್ಟುವಂತೆಯೇ ಇಲ್ಲ. ಆ ಹುಡುಗಿಯ ಫೈಲ್ ಬಂದ ದಿನ ನಾನು ಮೇಲಿನವರಿಗೆ ಹೇಳಿ ಆ ಪುಟಗಳನ್ನು ತೆಗೆಸಿದೆ. ಎಲ್ಲ ಆಫೀಸಿನಲ್ಲೂ ಹೀಗೆ ತೆಗೆಯುವವರು ಇರುತ್ತಾರೆ ಅಂತ ನಂಬಿಕೊಂಡು ಕೂರಬೇಡಿ.

ಆದ್ದರಿಂದ ನಿಮ್ಮ ಸ್ಕ್ಯಾನ್ ಫೋಲ್ಡರ್ ಇವತ್ತೇ ಮತ್ತೊಮ್ಮೆ ತೆರೆಯಿರಿ. ಪ್ರಕಟಣೆಯಲ್ಲಿ ಕೇಳಿರುವ ಪಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಇಲ್ಲದ್ದನ್ನು ತೆಗೆದುಬಿಡಿ. ಗುರುತಿಗೆ ಪಾಸ್‌ಪೋರ್ಟ್ ಕೇಳಿದ್ದರೆ ಫೋಟೋ ಇರುವ ಪುಟ ಸಾಕು. ಆಧಾರ್ ಸುಮ್ನೆ ಹಾಕಬೇಡಿ. ಎಲ್ಲಾದರೂ ಕೊಡಲೇಬೇಕಾಗಿ ಬಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಲು ಬರುತ್ತದೆ. ಆದಾಯದ ಕಾಗದ ಅಗತ್ಯ ನೋಡಿ ಕೊಡುವ ಸ್ಕಾಲರ್‌ಶಿಪ್‌ಗೆ ಮಾತ್ರ. ಬಯೋಡೇಟಾದಿಂದ ಧರ್ಮ, ಅಪ್ಪ ಅಮ್ಮನ ಹೆಸರು, ಮದುವೆಯ ವಿಚಾರ ತೆಗೆಯಿರಿ. ಫೋಟೋ ಹಾಕುವ ರೂಢಿ ಜರ್ಮನಿಯಲ್ಲಿ ಇನ್ನೂ ಇದೆ, ಆದರೆ ಕಡ್ಡಾಯ ಅಲ್ಲ.

ಇನ್ನು ಆಯ್ಕೆ ಆಗದಿದ್ದರೆ ಕಾಗದಗಳು ಏನಾಗುತ್ತವೆ ಅನ್ನುವುದು. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಸೂಚನೆಯಲ್ಲೇ ಬರೆದಿರಬೇಕು, ಅದು ಕಾನೂನು. ಇಲ್ಲಿ ಎಷ್ಟೋ ಕಡೆ ಸುಮಾರು ಆರು ತಿಂಗಳು ಅಂತ ಇರುತ್ತದೆ. ಆ ಲೆಕ್ಕದ ಮೂಲ ಕೆಲಸದ ಅರ್ಜಿಗಳು. 2006ರ ಸಮಾನತೆ ಕಾನೂನಿನ ಪ್ರಕಾರ ತಾರತಮ್ಯ ಆಯಿತು ಅಂತ ಹೇಳಲು ಅರ್ಜಿದಾರರಿಗೆ 2 ತಿಂಗಳು, ಆಮೇಲೆ ಕೋರ್ಟಿಗೆ ಹೋಗಲು ಇನ್ನೂ 3 ತಿಂಗಳು ಇರುತ್ತದೆ. ಅಲ್ಲಿಯವರೆಗೆ ಕಾಗದ ಬೇಕಲ್ಲ, ಅದಕ್ಕೇ ಆರು ತಿಂಗಳು. ಸ್ಕಾಲರ್‌ಶಿಪ್ ಅರ್ಜಿಗಳಿಗೂ ಎಷ್ಟೋ ಕಡೆ ಅದನ್ನೇ ಅನುಸರಿಸುತ್ತಾರೆ. ಆಯ್ಕೆ ಆದವರ ಕಡತ ಮಾತ್ರ ಹಣಕಾಸಿನ ತಪಾಸಣೆಗಾಗಿ ಹಲವು ವರ್ಷ ಇರುತ್ತದೆ. ‘ಅಗತ್ಯ ಇರುವವರೆಗೆ ಇಟ್ಟುಕೊಳ್ಳುತ್ತೇವೆ’ ಅಂತ ಮೊಟಕಾಗಿ ಬರೆದು ಕೈತೊಳೆದುಕೊಂಡಿದ್ದರೆ ಒಂದು ಮೇಲ್ ಹಾಕಿ ಕೇಳಿ.

ಯಾರಿಗೆ ಮೇಲ್ ಹಾಕುವುದು? ಪ್ರತಿ ಸರ್ಕಾರಿ ವಿಶ್ವವಿದ್ಯಾಲಯದಲ್ಲೂ ಮಾಹಿತಿ ರಕ್ಷಣಾಧಿಕಾರಿ ಒಬ್ಬರು ಇರಲೇಬೇಕು. ಸೂಚನೆಯಲ್ಲಿ ‘ಡಾಟೆನ್‌ಶುಟ್ಸ್’ (Datenschutz, ಅಂದರೆ ಮಾಹಿತಿ ರಕ್ಷಣೆ) ಅನ್ನುವ ಜರ್ಮನ್ ಪದ ಹುಡುಕಿ, ಅದರ ಪಕ್ಕದಲ್ಲೇ ವಿಳಾಸ ಸಿಗುತ್ತದೆ.

ಈ ವಿಳಾಸ ನನಗೆ ಒಮ್ಮೆ ತುಂಬಾ ಉಪಯೋಗಕ್ಕೆ ಬಂತು. ನನ್ನ ಮೊದಲ ಅರ್ಜಿ ತಿರಸ್ಕೃತವಾಗಿತ್ತು. ‘ಈ ಬಾರಿ ನಿಮಗೆ ಅವಕಾಶ ಕೊಡಲಾಗುತ್ತಿಲ್ಲ’ ಅನ್ನುವ ಎರಡು ಸಾಲು ಬಂದಿತ್ತು, ಅಷ್ಟೇ. ಗೆಳೆಯನೊಬ್ಬ ಹೇಳಿದ ಅಂತ, ನನ್ನ ಬಗ್ಗೆ ನಿಮ್ಮಲ್ಲಿ ಇರುವ ಎಲ್ಲ ಮಾಹಿತಿಯ ಪ್ರತಿ ಬೇಕು, ವಿಮರ್ಶಕರ ಟಿಪ್ಪಣಿಯೂ ಸೇರಿ, ಅಂತ ಬರೆದೆ. ಇದು ಜಿಡಿಪಿಆರ್‌ನ 15ನೇ ವಿಧಿಯ ಹಕ್ಕು. ಹಣ ಕೊಡಬೇಕಾಗಿಲ್ಲ. ಒಂದು ತಿಂಗಳಲ್ಲಿ ಉತ್ತರ ಕೊಡಬೇಕು, ತೀರಾ ಕಷ್ಟದ ಪ್ರಕರಣ ಆದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ನನಗೆ ಮೂರು ವಾರಕ್ಕೆ ಬಂತು. ವಿಮರ್ಶಕರ ಹೆಸರು ಕಪ್ಪು ಮಾಡಿದ್ದರು. ಅದು ಸರಿಯೇ, ಅವರಿಗೂ ಹಕ್ಕಿದೆ. ಆದರೆ ಟಿಪ್ಪಣಿ ಓದಲು ಸಿಕ್ಕಿತು. ವಿಷಯ ಚೆನ್ನಾಗಿದೆ, ಆದರೆ ಎರಡನೇ ವರ್ಷದ ಫೀಲ್ಡ್ ವರ್ಕ್ ಎಲ್ಲಿ, ಹೇಗೆ ಅನ್ನುವುದೇ ಇಲ್ಲ ಅಂತ ಒಬ್ಬರು ಬರೆದಿದ್ದರು. ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಅವರು ಹೇಳಿದ್ದು ನಿಜವಾಗಿತ್ತು. ಅಷ್ಟನ್ನು ಸರಿಮಾಡಿ ಮುಂದಿನ ವರ್ಷ ಬೇರೆ ಕಡೆ ಹಾಕಿದೆ, ಸಿಕ್ಕಿತು.

ವಿಮರ್ಶಕರ ಟಿಪ್ಪಣಿ ನನ್ನ ಮಾಹಿತಿ ಹೇಗಾಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಇದರ ಹಿಂದೆ ಐರ್ಲೆಂಡಿನ ಪೀಟರ್ ನೊವಾಕ್ ಅನ್ನುವವರ ಪ್ರಕರಣ ಇದೆ. ಅಕೌಂಟೆಂಟ್ ಆಗಲು ಓದುತ್ತಿದ್ದ ಅವರು ಒಂದೇ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾದರು. ತನ್ನ ಉತ್ತರ ಪತ್ರಿಕೆ ಕೊಡಿ ಅಂದರು, ಸಂಸ್ಥೆ ಕೊಡಲಿಲ್ಲ. ಯುರೋಪಿನ ನ್ಯಾಯಾಲಯದವರೆಗೆ ಹೋದರು. 2017ರ ಡಿಸೆಂಬರ್ 20ರಂದು ತೀರ್ಪು ಬಂತು. ಉತ್ತರ ಪತ್ರಿಕೆಯೂ ಅದರ ಮೇಲೆ ಪರೀಕ್ಷಕರು ಬರೆದ ಟಿಪ್ಪಣಿಯೂ ಬರೆದ ವಿದ್ಯಾರ್ಥಿಯ ವೈಯಕ್ತಿಕ ಮಾಹಿತಿಯೇ ಅಂತ ನ್ಯಾಯಾಲಯ ಹೇಳಿತು. ಹಾಗಂತ ತಪ್ಪು ಉತ್ತರವನ್ನು ಆಮೇಲೆ ತಿದ್ದಿಸುವ ಹಕ್ಕಿಲ್ಲ ಅಂತಲೂ ಹೇಳಿತು. ನಮ್ಮ ಅರ್ಜಿಯ ಬಗ್ಗೆ ಬರೆದ ಮಾತಿಗೂ ಇದೇ ತರ್ಕ ಹೊಂದುತ್ತದೆ.

ತಪ್ಪುಗಳೂ ಆಗುತ್ತವೆ. ಒಂದು ವಿಶ್ವವಿದ್ಯಾಲಯದಿಂದ ನನಗೆ ಬಂದ ತಿರಸ್ಕಾರದ ಮೇಲ್‌ನಲ್ಲಿ ನನ್ನ ಜೊತೆ ತಿರಸ್ಕೃತರಾದ ಎಲ್ಲರ ಹೆಸರು, ವಿಳಾಸ ಸಿಸಿಯಲ್ಲಿ ಇತ್ತು. ನನ್ನದೇ ಡಿಪಾರ್ಟ್‌ಮೆಂಟಿನ ಇಬ್ಬರು ಸೀನಿಯರ್‌ಗಳ ಹೆಸರು ಅದರಲ್ಲಿ ನೋಡಿದೆ. ಅವರು ನನ್ನದನ್ನು ನೋಡಿದರು. ಆ ಮುಜುಗರ ನನಗೆ ಇನ್ನೂ ನೆನಪಿದೆ. ಹೀಗಾದರೆ, ಜನರಿಗೆ ತೊಂದರೆಯ ಸಾಧ್ಯತೆ ಇದ್ದಲ್ಲಿ, ವಿಶ್ವವಿದ್ಯಾಲಯ 72 ಗಂಟೆಯೊಳಗೆ ಮಾಹಿತಿ ರಕ್ಷಣೆಯ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ತಿಳಿಸಬೇಕು. ಜರ್ಮನಿಯಲ್ಲಿ ಪ್ರತಿ ರಾಜ್ಯಕ್ಕೂ ಅಂಥ ಪ್ರಾಧಿಕಾರ ಇದೆ, ನೀವೇ ನೇರವಾಗಿ ಉಚಿತವಾಗಿ ದೂರು ಕೊಡಬಹುದು.

ನಮ್ಮ ದೇಶದಲ್ಲಿ ನಾನು ನೋಡಿದ್ದು ಇದಕ್ಕಿಂತ ಕಷ್ಟದ್ದು. ಇಲ್ಲಿಗೆ ಬರುವ ಮೊದಲು ನಮ್ಮಲ್ಲಿನ ಒಂದು ವಿಶ್ವವಿದ್ಯಾಲಯದ ಪಿಎಚ್‌ಡಿ ಫೆಲೋಶಿಪ್‌ಗೆ ಹಾಕಿದ್ದೆ. ಆಯ್ಕೆ ಪಟ್ಟಿಯ ಪಿಡಿಎಫ್‌ನಲ್ಲಿ ಎಲ್ಲರ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಕೆಟಗರಿ, ಮೊಬೈಲ್ ನಂಬರ್ ಎಲ್ಲ ಇತ್ತು. ಎಷ್ಟೋ ವರ್ಷ ಗೂಗಲ್‌ನಲ್ಲಿ ನನ್ನ ಹೆಸರು ಹಾಕಿದರೆ ಮೊದಲು ಅದೇ ಬರುತ್ತಿತ್ತು. ಪಾರದರ್ಶಕತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಅರ್ಜಿ ಸಂಖ್ಯೆ ಮತ್ತು ಅಂಕ ಸಾಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು ಸಮಯ ಕೊಟ್ಟಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳು ಈಗಲೇ ಆ ಹಳೇ ಪಿಡಿಎಫ್‌ಗಳನ್ನು ತೆಗೆಯಲು ಶುರು ಮಾಡಲಿ ಅಂತ ನನ್ನ ಆಸೆ.

ಜೊತೆಗೆ ಸ್ವೀಡನ್‌ಗೂ ಹಾಕುತ್ತೇನೆ ಅಂದಿದ್ದೀರಿ. ಅಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು. 1766ರಿಂದ ಅಲ್ಲಿ ಸರ್ಕಾರಿ ಕಾಗದಗಳು ಸಾರ್ವಜನಿಕ ಅನ್ನುವ ತತ್ವ ಇದೆ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕಳಿಸಿದ ಪಿಎಚ್‌ಡಿ ಅರ್ಜಿಯೂ ಆ ಲೆಕ್ಕಕ್ಕೆ ಬರುತ್ತದೆ. ಆರೋಗ್ಯದಂಥ ಕೆಲವು ವಿಷಯಗಳಿಗೆ ಗೋಪ್ಯತೆ ಇದೆ, ಉಳಿದದ್ದನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು, ನಿಮ್ಮ ಜೊತೆ ಅರ್ಜಿ ಹಾಕಿದವರೂ ಸಹ. ಹಾಗಾಗಿ ಅಲ್ಲಿಗೆ ಕಳಿಸುವ ಪತ್ರದಲ್ಲಿ ಮನೆಯ ಕಷ್ಟ, ಅಮ್ಮನ ಕಾಯಿಲೆ, ಹಳೆ ಗೈಡ್ ಜೊತೆಗಿನ ಜಗಳ ಇವನ್ನೆಲ್ಲ ಬರೆಯುವ ಮೊದಲು ಎರಡು ಸಲ ಯೋಚಿಸಿ. ಅದೇ ಬ್ರಿಟನ್ ಆದರೆ ಮೇಷ್ಟ್ರು ಗುಟ್ಟಾಗಿ ಬರೆದುಕೊಟ್ಟ ಶಿಫಾರಸು ಪತ್ರವನ್ನು ಅಲ್ಲಿನ ಕಾನೂನು ನಿಮಗೆ ತೋರಿಸಬೇಕಾಗಿಲ್ಲ ಅನ್ನುತ್ತದೆ.

ಸೂಚನೆಯ ಪಿಡಿಎಫ್ ಅನ್ನು ಅರ್ಜಿ ಕಳಿಸಿದ ದಿನವೇ ಡೌನ್‌ಲೋಡ್ ಮಾಡಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಆಮೇಲೆ ಬದಲಾಯಿಸಬಹುದು. ಅದರಲ್ಲಿ ಯಾವುದಾದರೂ ಸಾಲು ಅರ್ಥವಾಗದಿದ್ದರೆ ಆ ಸಾಲನ್ನು ಮಾತ್ರ ಇಲ್ಲಿ ಕಾಮೆಂಟಿನಲ್ಲಿ ಹಾಕಿ, ನಿಮ್ಮ ಹೆಸರು, ಅರ್ಜಿ ನಂಬರ್ ಹಾಕಬೇಡಿ. ಶನಿವಾರ ಕೂತು ನೋಡಿ ಹೇಳುತ್ತೇನೆ.