ಕೆರೆದ ಜಾಗದಲ್ಲೇ ಬಾರ್ನಕಲ್ ಮತ್ತೆ ಯಾಕೆ ಕೂರುತ್ತದೆ?

ಫೈಬರ್ ದೋಣಿಯ ತಳ ಕೆರೆದರೂ ಬಾರ್ನಕಲ್ (ಗಟ್ಟಿ ಚಿಪ್ಪಿನ ಪುಟ್ಟ ಸಮುದ್ರಪ್ರಾಣಿ) ಮತ್ತೆ ಅದೇ ಜಾಗಕ್ಕೆ ಯಾಕೆ ಅಂಟುತ್ತದೆ, ಲೋಳೆ ಒರೆಸುತ್ತಿದ್ದರೆ ಸಾಕಾ ಅಂತ ಕೇಳಿದ್ದೀರಿ. ಒರೆಸುವುದು ಒಳ್ಳೆಯದೇ, ಆದರೆ ಅಷ್ಟೇ ಸಾಲದು.

ಸಮುದ್ರಕ್ಕೆ ಏನು ಇಳಿಸಿದರೂ ಕೆಲವೇ ನಿಮಿಷದಲ್ಲಿ ನೀರಿನಲ್ಲಿರುವ ಪ್ರೋಟೀನ್‌ನಂಥ ವಸ್ತುಗಳ ತೆಳು ಪೊರೆ ಹತ್ತುತ್ತದೆ. ಗಂಟೆಗಳಲ್ಲಿ ಬ್ಯಾಕ್ಟೀರಿಯಾ, ಆಮೇಲೆ ಡಯಾಟಮ್ ಪಾಚಿ. ನಿಮ್ಮ ಕೈಗೆ ಸಿಗುವ ಲೋಳೆ ಇದೇ. ಆದರೆ ಬಾರ್ನಕಲ್ ಮರಿ ಇದಕ್ಕೇ ಕಾಯಬೇಕೆಂದಿಲ್ಲ, ಲೋಳೆ ಇಲ್ಲದ ತಳದ ಮೇಲೂ ಕೂರಬಲ್ಲದು.

ಕೂರಲು ಬರುವ ಹಂತದ ಮರಿಗೆ ಸಿಪ್ರಿಡ್ ಅಂತಾರೆ. ಅದು ಏನನ್ನೂ ತಿನ್ನುವುದಿಲ್ಲ, ಮೈಯಲ್ಲಿರುವ ಕೊಬ್ಬು ಮುಗಿಯುವುದರೊಳಗೆ ಜಾಗ ಹುಡುಕಲೇಬೇಕು. ಎರಡು ಮೀಸೆಗಳ ಮೇಲೆ ನಡೆಯುತ್ತಾ ತಳವನ್ನು ಮುಟ್ಟಿ ಮುಟ್ಟಿ ನೋಡುತ್ತದೆ, ದೊಡ್ಡ ಬಾರ್ನಕಲ್‌ಗಳ ಪ್ರೋಟೀನ್ ಸಿಕ್ಕರೆ ಇಲ್ಲಿ ತನ್ನವರು ಬದುಕಿದ್ದಾರೆ ಅಂತ ಅದಕ್ಕೆ ಸುಳಿವು, ಆಗ ತಲೆ ಕೆಳಗೆ ಮಾಡಿ ಅಂಟು ಸುರಿಸಿ ಜೀವನಪೂರ್ತಿ ಅಲ್ಲೇ ಉಳಿದುಬಿಡುತ್ತದೆ. ಇಷ್ಟು ಪುಟ್ಟ ಪ್ರಾಣಿ ಎಷ್ಟು ಹುಷಾರು ಅಲ್ವಾ!

ಹಾಗಾಗಿ ಚಿಪ್ಪು ಹಾರಿಸಿ ಸುಮ್ನೆ ಬಿಡಬೇಡಿ, ಕೆಳಗೆ ಉಳಿಯುವ ಬಿಳಿ ಬಿಲ್ಲೆಯೂ ಪೂರ್ತಿ ಹೋಗಬೇಕು. ಆಮೇಲೆ ತಾಮ್ರದ ಆಂಟಿಫೌಲಿಂಗ್ ಪೇಂಟ್, ಅಂದರೆ ಇಂಥ ಜೀವಿಗಳು ಅಂಟದಂತೆ ತಡೆಯುವ ಪೇಂಟ್ ಹೊಡೆಯಿರಿ. ಅಲ್ಯೂಮಿನಿಯಂ ದೋಣಿಯಾಗಿದ್ದರೆ ಬೇಡ ಅನ್ನುತ್ತಿದ್ದೆ, ತಾಮ್ರ ತಾಗಿ ಲೋಹವೇ ತಿಂದುಹೋಗುತ್ತದೆ. ಟಿಬಿಟಿ ಎಂಬ ತವರದ ರಾಸಾಯನಿಕ ಇರುವ ಪೇಂಟಿನ ಹಳೆ ಡಬ್ಬ ಯಾರಾದರೂ ಕೊಟ್ಟರೆ ದಯವಿಟ್ಟು ತಗೋಬೇಡಿ. ಅದರಿಂದ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆದಿತ್ತು, 2008ರಿಂದ ಅಂತರರಾಷ್ಟ್ರೀಯ ನಿಷೇಧವೇ ಇದೆ.

ಇನ್ನೊಂದು, ನಿಂತ ದೋಣಿಗೇ ಜಾಸ್ತಿ ಹತ್ತುವುದು. ಓಡಿಸದ ದಿನಗಳಲ್ಲಿ ದಡಕ್ಕೆ ಎಳೆದಿಡಿ. ಕೆಲವು ಪೇಂಟ್ ಬಹಳ ದಿನ ಒಣಗಿದರೆ ಕೆಲಸ ಮಾಡುವುದಿಲ್ಲ, ಕೊಳ್ಳುವಾಗಲೇ ಕೇಳಿಕೊಳ್ಳಿ.